ಅಣ್ಣನ ಅಂಬಾಸಿಡರ್ ಮತ್ತು ಅದರ ಉಸಿರಿನ ಕೊಳವೆ



ದಿವಂಗತ ಅಣ್ಣನ ಕಾರು ಏನಾಯಿತೆಂದು ನಿಮ್ಮಲ್ಲಿ ಹಲವರು ವಿಚಾರಿಸಿದ್ದೀರಿ. ಮದುವೆಮನೆಗಳಲ್ಲಿ ಸಿಕ್ಕಿದವರಿಗೆಲ್ಲ ಬಿಡಿಬಿಡಿಯಾಗಿ ಉತ್ತರಿಸಿದ್ದೇನೆ. ಆದರೆ ಆ ಕಥೆ ಬಿಡಿಯಾಗಿ ಹೇಳುವಂಥದ್ದಲ್ಲ. ಅದರಲ್ಲಿ ಸ್ವಲ್ಪ ಕುಟುಂಬದ ಸಂಗತಿಯಿದೆ, ಸ್ವಲ್ಪ ಹತ್ತನೆಯ ತರಗತಿಯ ಭೌತಶಾಸ್ತ್ರವಿದೆ, ನಮ್ಮ ಲಷ್ಕರ್ ಮೊಹಲ್ಲಾದ ಒಂದು ಗ್ಯಾರೇಜಿನ ವಿದ್ಯೆಯೂ ಇದೆ. ಆದುದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಯಂತ್ರದ ವಿಷಯದಲ್ಲಿ ಆಸಕ್ತಿಯಿಲ್ಲದವರೂ ದಯವಿಟ್ಟು ತಾಳ್ಮೆಯಿಂದ ಓದಬೇಕೆಂದು ವಿನಂತಿ. ತರಗತಿಯಲ್ಲಿ ನಾನು ಹೇಳುತ್ತಿದ್ದಂತೆ, ಕಷ್ಟದ ಭಾಗ ಅರ್ಧ ಪುಟದಷ್ಟೇ ಇದೆ.

ಕಾರು 1968ರ ಅಂಬಾಸಿಡರ್, ಮಾರ್ಕ್ ಎರಡು. ಅಣ್ಣ ಅದನ್ನು 1976ರಲ್ಲಿ ಎರಡನೆಯ ಕೈಯಿಂದ ಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಊಟಿಗೆ, ಬೇಲೂರು ಹಳೇಬೀಡಿಗೆ, ಶ್ರವಣಬೆಳಗೊಳಕ್ಕೆ ಪ್ರವಾಸಿಗಳನ್ನು ಕರೆದೊಯ್ಯುವುದು ಅವನ ವೃತ್ತಿ. ನಾನು ಬಿ.ಎಡ್. ಓದಿದ್ದು ಆ ಕಾರಿನ ಸಂಪಾದನೆಯಿಂದ. ನಮ್ಮ ತಂಗಿಯರಿಬ್ಬರ ಮದುವೆಗಳೂ ಅದರಿಂದಲೇ ನಡೆದವು. ತೊಂಬತ್ತರ ದಶಕದಲ್ಲಿ ಬಾಡಿಗೆ ನಿಲ್ಲಿಸಿದ ಮೇಲೂ ಅಣ್ಣ ಅದನ್ನು ಮಾರಲಿಲ್ಲ. 2017ರಲ್ಲಿ ಅವನು ತೀರಿಕೊಂಡ ಬಳಿಕ ಕಾರು ಮನೆಯ ಪಕ್ಕದ ಶೀಟಿನ ಕೊಟ್ಟಿಗೆಯಲ್ಲಿ ನಿಂತೇ ಇತ್ತು. ಅತ್ತಿಗೆ ಪ್ರತಿ ಆಯುಧಪೂಜೆಗೆ ಅದಕ್ಕೆ ಕುಂಕುಮವಿಟ್ಟು ನಿಂಬೆಹಣ್ಣು ಕಟ್ಟುತ್ತಿದ್ದರು. ಚಕ್ರದಡಿ ನಿಂಬೆಹಣ್ಣು ಇಟ್ಟರೂ ಅದನ್ನು ಒಡೆಯಲು ಕಾರು ಮುಂದಕ್ಕೆ ಚಲಿಸುತ್ತಿರಲಿಲ್ಲ.

ಅಣ್ಣನ ಮಕ್ಕಳಿಬ್ಬರೂ ಹೊರಗಿದ್ದಾರೆ. ಒಬ್ಬ ಪುಣೆಯಲ್ಲಿ, ಇನ್ನೊಬ್ಬ ವಿದೇಶದಲ್ಲಿ. ಕೊಟ್ಟಿಗೆಯ ಜಾಗದಲ್ಲಿ ಬಾಡಿಗೆಗೆ ಒಂದು ಕೋಣೆ ಕಟ್ಟಿದರೆ ಅತ್ತಿಗೆಗೆ ತಿಂಗಳಿಗೊಂದಿಷ್ಟು ಆದಾಯವಾಗುತ್ತದೆ ಎಂಬುದು ಅವರ ಲೆಕ್ಕ. ಅದರಲ್ಲಿ ತಪ್ಪೇನೂ ಇಲ್ಲ. ಗುಜರಿಯವನು ಬಂದು ಒಂದು ಟನ್ನಿಗಿಂತ ತುಸು ಹೆಚ್ಚಿನ ಉಕ್ಕಿಗೆ ಬೆಲೆ ಕಟ್ಟಿ ಹೋಗಿದ್ದ. ಅತ್ತಿಗೆಗೆ ಈಗ ಎಪ್ಪತ್ತಾರು. ಅವರು ಹೇಳಿದ್ದು ಇಷ್ಟೇ: "ಮಾರುವುದಾದರೆ ಮಾರಿ. ಆದರೆ ಅದು ಎಳೆದುಕೊಂಡು ಹೋಗುವ ಹೆಣದಂತೆ ಈ ಮನೆಯಿಂದ ಹೊರಡಬಾರದು. ತಾನಾಗಿ ಓಡಿಕೊಂಡು ಹೋಗಲಿ." ಹೀಗೆ, 2025ರ ದಸರೆಯ ಹೊತ್ತಿಗೆ ಕಾರು ಓಡಿದರೆ ಉಳಿಸಿಕೊಳ್ಳುವ ವಿಚಾರ ಮಾಡುವುದು, ಇಲ್ಲವಾದರೆ ಗುಜರಿಗೆ ಕೊಡುವುದು ಎಂದು ಮಕ್ಕಳೊಂದಿಗೆ ಒಪ್ಪಂದವಾಯಿತು. ಖರ್ಚಿನಲ್ಲಿ ಅರ್ಧ ನನ್ನ ಪಿಂಚಣಿಯಿಂದ, ಉಳಿದರ್ಧ ಅವರಿಬ್ಬರದು.

ಆ ವರ್ಷದ ಬೇಸಗೆಯಲ್ಲಿ ಎಂಜಿನ್ ಬಿಚ್ಚಲಾಯಿತು. ಇದು 1489 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನ್. ಮೂಲದಲ್ಲಿ ಇಂಗ್ಲೆಂಡಿನ ಬಿ.ಎಂ.ಸಿ. ಕಂಪನಿಯ 'ಬಿ' ಶ್ರೇಣಿಗೆ ಸೇರಿದ್ದು. ಸಿಲಿಂಡರಿನ ವ್ಯಾಸ 73.025 ಮಿ.ಮೀ., ಪಿಸ್ಟನ್ನಿನ ನಡಿಗೆ 88.9 ಮಿ.ಮೀ. ಇವೆರಡರಿಂದ ಎಂಜಿನ್ನಿನ ಗಾತ್ರವನ್ನು ಲೆಕ್ಕ ಹಾಕುವುದು ನಿಮಗೆಲ್ಲ ಗೊತ್ತಿದೆ. ಮರೆತಿದ್ದರೆ ಸಿಲಿಂಡರಿನ ಘನಫಲದ ಸೂತ್ರವನ್ನು ಒಮ್ಮೆ ನೆನಪಿಸಿಕೊಳ್ಳಿ. ನಗರದ ಒಂದು ವರ್ಕ್‌ಶಾಪಿನಲ್ಲಿ ಸಿಲಿಂಡರುಗಳನ್ನು ಕೊರೆಸಿ, ಅಳತೆಗೆ ತಕ್ಕ ಹೊಸ ಪಿಸ್ಟನ್ ಮತ್ತು ರಿಂಗುಗಳನ್ನು ಹಾಕಿಸಿ, ವಾಲ್ವುಗಳನ್ನು ಅರೆಸಿ, ಬೇರಿಂಗುಗಳನ್ನು ಬದಲಾಯಿಸಲಾಯಿತು. ನಾವು ಮುಂದಿಟ್ಟುಕೊಂಡಿದ್ದ ಹಣದ ಬಹುಪಾಲು ಅಲ್ಲಿಗೇ ಮುಗಿಯಿತು.

ಎಂಜಿನ್ ಹೊತ್ತಿಕೊಂಡಿತು, ಆದರೆ ನೆಟ್ಟಗೆ ನಿಲ್ಲಲಿಲ್ಲ. ಆಕ್ಸಿಲರೇಟರ್ ಒತ್ತಿ ವೇಗ ಹೆಚ್ಚಿಸಿದರೆ ಸರಿಯಾಗಿ ಹಾಡುತ್ತಿತ್ತು. ಕಾಲು ತೆಗೆದೊಡನೆ ಏರುತ್ತ ಇಳಿಯುತ್ತ, ಉಬ್ಬಸದ ರೋಗಿಯಂತೆ ತೇಕುತ್ತ, ಕಾರ್ಬ್ಯುರೇಟರಿನ ಬಾಯಲ್ಲಿ ಒಮ್ಮೊಮ್ಮೆ ಪಟ್ ಎಂದು ಸಿಡಿದು ನಿಂತುಬಿಡುತ್ತಿತ್ತು. ವರ್ಕ್‌ಶಾಪಿನವರು ಕಾರ್ಬ್ಯುರೇಟರನ್ನು ಮೂರು ಬಾರಿ ತೊಳೆದರು. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು ಬದಲಾಯಿಸಿದರು. ಕೊನೆಗೆ, ಹೊಸ ಪಿಸ್ಟನ್‌ಗಳು ಕಳಪೆ ಮಾಲಿರಬಹುದು, ಮತ್ತೆ ಎಂಜಿನ್ ಇಳಿಸಬೇಕು ಎಂದರು. ಪುಣೆಯ ಮಗ ದೂರವಾಣಿಯಲ್ಲಿ, "ಚಿಕ್ಕಪ್ಪ, ಇನ್ನು ಸಾಕು" ಎಂದ. ಆಗಸ್ಟ್ ತಿಂಗಳು ಮುಗಿಯುತ್ತ ಬಂದಿತ್ತು. ದಸರೆ ಸೆಪ್ಟೆಂಬರ್ 22ಕ್ಕೆ ಆರಂಭ.

ಲಷ್ಕರ್ ಎಂದರೆ ಸೈನ್ಯ. ಹೆಸರು ಸೈನ್ಯದ್ದಾದರೂ ನಮ್ಮ ಮೊಹಲ್ಲಾ ನಾನು ಕಂಡಂತೆ ಕಸುಬುದಾರರದು. ಅಶೋಕ ರಸ್ತೆಯಲ್ಲಿ ನಿಂತರೆ ಕಾಣುವ ಸೇಂಟ್ ಫಿಲೋಮಿನಾ ಚರ್ಚಿನ ಜೋಡಿಗೋಪುರಗಳನ್ನು ನೋಡಲು ಹೊರಗಿನವರು ಬರುತ್ತಾರೆ. ಅದರ ಶಂಕುಸ್ಥಾಪನೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ಆಯಿತು. ಅದರ ಆಚೀಚೆಯ ಗಲ್ಲಿಗಳಲ್ಲಿ ಲೇತ್ ಯಂತ್ರ, ವೆಲ್ಡಿಂಗ್, ರೇಡಿಯೇಟರ್ ಬೆಸುಗೆಯ ಸದ್ದು ಕೇಳುತ್ತ ಬೆಳೆದವರು ನಾವು. ಅಲ್ಲೊಂದು ತಗಡಿನ ಮಾಡಿನಡಿ ಅಣ್ಣನ ಕಾಲದ ಒಬ್ಬ ಮೆಕ್ಯಾನಿಕ್ ಇನ್ನೂ ಕುಳಿತಿರುತ್ತಾರೆ. ವಯಸ್ಸು ಎಪ್ಪತ್ತು ದಾಟಿದೆ. ಈಗ ಸ್ಪ್ಯಾನರ್ ಹಿಡಿಯುವುದು ಅವರ ಬಳಿ ಕೆಲಸ ಕಲಿಯುತ್ತಿರುವ ಹುಡುಗ, ಇವರು ಕುರ್ಚಿಯಲ್ಲಿ ಕುಳಿತು ಹೇಳುತ್ತಾರೆ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುವೆ. ಕಾರನ್ನು ಎಳೆದು ತರದೆ, ತೇಕುತ್ತಲೇ ಆದರೂ ಓಡಿಸಿಕೊಂಡು ಅವರಲ್ಲಿಗೆ ಹೋದೆವು.

ಉಸ್ತಾದರು ಮೊದಲು ಏನನ್ನೂ ಬಿಚ್ಚಲಿಲ್ಲ. ಹುಡುಗನಿಂದ ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಅಳೆಸಿದರು. ನಾಲ್ಕೂ ಹೆಚ್ಚುಕಡಿಮೆ ಒಂದೇ ಸಮ ಬಂದವು. "ಪಿಸ್ಟನ್ ಒಳ್ಳೆಯದಿದೆ, ಅದನ್ನು ಯಾರೂ ಮುಟ್ಟಬೇಡಿ" ಎಂದರು. ಅನಂತರ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆಸಿ ಸಾಲಾಗಿ ಕಾಗದದ ಮೇಲೆ ಇಟ್ಟರು. ಮೂರನೆಯದು ಮತ್ತು ನಾಲ್ಕನೆಯದು ತಿಳಿಕಂದು ಬಣ್ಣದವು. ಒಂದನೆಯದು ಮತ್ತು ಎರಡನೆಯದು ಸುಣ್ಣ ಬಳಿದಂತೆ ಬಿಳಿ. ಬಿಳಿ ಪ್ಲಗ್ಗೆಂದರೆ ಆ ಸಿಲಿಂಡರಿಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಒಂದೇ ಕಾರ್ಬ್ಯುರೇಟರಿನಿಂದ ನಾಲ್ಕಕ್ಕೂ ಬಡಿಸುವಾಗ ಎರಡಕ್ಕೆ ಸರಿಯಾಗಿ ಬಂದು ಇನ್ನೆರಡಕ್ಕೆ ಬಾರದಿದ್ದರೆ ದೋಷ ಕಾರ್ಬ್ಯುರೇಟರಿನಲ್ಲಿ ಇರಲಾರದು. ಅಲ್ಲಿಂದ ಮುಂದಿನ ದಾರಿಯಲ್ಲಿ ಇರಬೇಕು. ಆ ದಾರಿಯ ಹೆಸರೇ ಇನ್‌ಟೇಕ್ ಮ್ಯಾನಿಫೋಲ್ಡ್.

ಈಗ ಅರ್ಧ ಪುಟದ ಪಾಠ. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ವಾಯುಮಂಡಲವು ಗಾಳಿಯನ್ನು ಕಾರ್ಬ್ಯುರೇಟರಿನ ಮೂಲಕ ಒಳಕ್ಕೆ ನೂಕುತ್ತದೆ. ಗಾಳಿ ಹಾದುಹೋಗುವಾಗ ಪೆಟ್ರೋಲಿನ ತುಂತುರನ್ನು ಸೆಳೆದುಕೊಳ್ಳುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಈ ಮಿಶ್ರಣವನ್ನು ನಾಲ್ಕು ಸಿಲಿಂಡರುಗಳಿಗೆ ಹಂಚುವ ಕವಲುಕೊಳವೆಯೇ ಇನ್‌ಟೇಕ್ ಮ್ಯಾನಿಫೋಲ್ಡ್. ನಿಮಿಷಕ್ಕೆ 3,000 ಸುತ್ತಿನಲ್ಲಿ, ಸಿಲಿಂಡರುಗಳು ಪೂರ್ತಿ ತುಂಬಿಕೊಳ್ಳುತ್ತವೆಂದು ಭಾವಿಸಿದರೆ, ನಮ್ಮ ಎಂಜಿನ್ ನಿಮಿಷಕ್ಕೆ ಸುಮಾರು 2,230 ಲೀಟರ್ ಗಾಳಿಯನ್ನು ಎಳೆಯುತ್ತದೆ. ಆದರೆ ಕಾಲು ತೆಗೆದಾಗ ಥ್ರಾಟಲ್ ಮುಚ್ಚಿಕೊಂಡು ಅದರ ಒಂದು ಅಲ್ಪಾಂಶ ಮಾತ್ರ ಒಳಗೆ ಹೋಗುತ್ತದೆ. ಮ್ಯಾನಿಫೋಲ್ಡಿನ ಒಳಗೆ ನಿರ್ವಾತವೂ ಹೆಚ್ಚುತ್ತದೆ. ಆ ಹೊತ್ತಿನಲ್ಲಿ ಮ್ಯಾನಿಫೋಲ್ಡಿನ ಕೂಡಿಕೆಯಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಪೆಟ್ರೋಲಿನ ಸಂಪರ್ಕವಿಲ್ಲದ ಬರಿಯ ಗಾಳಿ ಒಳನುಗ್ಗಿ ಮಿಶ್ರಣವನ್ನು ಕೆಡಿಸುತ್ತದೆ. ವೇಗ ಹೆಚ್ಚಿಸಿದರೆ ಅದೇ ಸಂದಿನ ಗಾಳಿಯು ಒಟ್ಟು ಗಾಳಿಯ ಮುಂದೆ ನಗಣ್ಯವಾಗುತ್ತದೆ. ಆದುದರಿಂದಲೇ ಓಡುವಾಗ ಸರಿ, ನಿಂತಾಗ ಉಬ್ಬಸ.

ಅಂಬಾಸಿಡರಿನ ಈ ಎಂಜಿನ್ನಿಗೆ ಒಂದು ವಿಶೇಷವಿದೆ. ಸಿಲಿಂಡರುಗಳು ನಾಲ್ಕಾದರೂ ಒಳಸೇವನೆಯ ಬಾಯಿಗಳು ಎರಡೇ. ಒಂದನೆಯ ಮತ್ತು ಎರಡನೆಯ ಸಿಲಿಂಡರುಗಳಿಗೆ ಒಂದು ಬಾಯಿ, ಮೂರು ಮತ್ತು ನಾಲ್ಕಕ್ಕೆ ಇನ್ನೊಂದು. ಉರಿಯುವ ಕ್ರಮ 1-3-4-2. ಈ ಕ್ರಮವನ್ನು ವೃತ್ತದಲ್ಲಿ ಬರೆದು ನೋಡಿದರೆ, ಒಂದೇ ಬಾಯಿಯನ್ನು ಹಂಚಿಕೊಂಡ ಇಬ್ಬರೂ ಒಬ್ಬರ ಹಿಂದೆ ಒಬ್ಬರು ತಟ್ಟೆ ಚಾಚುತ್ತಾರೆ: ಮೂರು ಮುಗಿಸುತ್ತಿದ್ದಂತೆ ನಾಲ್ಕು, ಎರಡು ಮುಗಿಸುತ್ತಿದ್ದಂತೆ ಒಂದು. ನಮ್ಮ ಊಟದ ಪಂಕ್ತಿಗಳಲ್ಲಿ ಸಾಲಿನ ಕೊನೆಗೆ ಕುಳಿತವನಿಗೆ ಪಾಯಸ ತಲುಪುವುದೇ ಅನುಮಾನವಲ್ಲವೇ? ಹಾಗೆ, ಇಲ್ಲಿ ಸ್ವಭಾವತಃ ತುಸು ಪಂಕ್ತಿಭೇದ ಇದ್ದೇ ಇರುತ್ತದೆ. ಎಂಜಿನ್ ರೂಪಿಸಿದವರು ಅದನ್ನು ತಿಳಿದೇ ಮ್ಯಾನಿಫೋಲ್ಡಿನ ಆಕಾರವನ್ನೂ ಬಾಗನ್ನೂ ನಿಗದಿ ಮಾಡಿದ್ದಾರೆ. ಅಂಥ ಕಡೆ ಒಂದು ಬಾಯಿಯಲ್ಲಿ ಸೋರಿಕೆಯಾದರೆ ಇಬ್ಬರೂ ಒಟ್ಟಿಗೆ ಹಸಿಯುತ್ತಾರೆ. ಒಂದು ಮತ್ತು ಎರಡನೆಯ ಪ್ಲಗ್ಗುಗಳು ಜೋಡಿಯಾಗಿ ಬೆಳ್ಳಗಾದದ್ದರ ಕಾರಣ ಇದು.

ಉಸ್ತಾದರು ಎಂಜಿನ್ ಚಾಲೂ ಮಾಡಿಸಿ, ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಕೂಡಿಕೆಯ ಉದ್ದಕ್ಕೂ ಆಡಿಸಿದರು. ಮುಂದಿನ ಬಾಯಿಯ ಬಳಿ ನಿಲ್ಲಿಸಿ ನನ್ನ ಕಿವಿಗೂ ಕೊಟ್ಟರು. ಸಣ್ಣಗೆ ಸೀಟಿಯಂಥ ಸದ್ದು. ಆ ಜಾಗಕ್ಕೆ ಕುಂಚದಿಂದ ತೆಳು ಎಂಜಿನ್ ಎಣ್ಣೆಯನ್ನು ಸವರಿದೊಡನೆ ತೇಕುವಿಕೆ ನಾಲ್ಕೈದು ಕ್ಷಣ ನಿಂತು ಮತ್ತೆ ಶುರುವಾಯಿತು: ಎಣ್ಣೆ ಸಂದನ್ನು ಮುಚ್ಚಿತ್ತು, ಬಳಿಕ ಒಳಕ್ಕೆ ಸೆಳೆಯಲ್ಪಟ್ಟಿತು. ಕೆಲವರು ಈ ಪರೀಕ್ಷೆಯನ್ನು ಪೆಟ್ರೋಲ್ ಸಿಂಪಡಿಸಿ ಮಾಡುತ್ತಾರೆ. ಬಿಸಿ ಎಗ್ಸಾಸ್ಟಿನ ಮೇಲೆ ಪೆಟ್ರೋಲ್ ಬಿದ್ದರೆ ಕಾರು ಮಾತ್ರವಲ್ಲ, ಮನೆಯೂ ಹೋದೀತು. ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಹಾಗೆ ಮಾಡಕೂಡದು.

ಮ್ಯಾನಿಫೋಲ್ಡನ್ನು ಬಿಚ್ಚಿದಾಗ ಹಳೆಯ ಚರಿತ್ರೆ ಹೊರಬಂತು. ಯಾವುದೋ ಕಾಲದಲ್ಲಿ ಅದು ಬಿರುಕು ಬಿಟ್ಟು, ಯಾರೋ ಅದಕ್ಕೆ ವೆಲ್ಡಿಂಗ್ ಮಾಡಿ, ಉಬ್ಬಿದ ಭಾಗವನ್ನು ಅರದಿಂದ ಉಜ್ಜಿ ಮಟ್ಟ ಮಾಡಿದ್ದರು. ಇಲ್ಲಿ ಎರಡನೆಯ ವಿಶೇಷವನ್ನು ಹೇಳಬೇಕು. ಈ ಎಂಜಿನ್ನಿನಲ್ಲಿ ಗಾಳಿ ಒಳಗೆ ಹೋಗುವ ಕೊಳವೆ ಮತ್ತು ಹೊಗೆ ಹೊರಬರುವ ಕೊಳವೆ, ಅಂದರೆ ಇನ್‌ಟೇಕ್ ಮತ್ತು ಎಗ್ಸಾಸ್ಟ್ ಮ್ಯಾನಿಫೋಲ್ಡುಗಳು, ಎರಡೂ ಒಂದೇ ಪಕ್ಕದಲ್ಲಿವೆ. ಎರಡಕ್ಕೂ ಒಂದೇ ಗ್ಯಾಸ್ಕೆಟ್. ಒಂದೇ ನಟ್ಟು, ಅದರಡಿಯ ಒಂದೇ ದಪ್ಪ ವಾಷರು, ಎರಡರ ಫ್ಲಾಂಜುಗಳನ್ನೂ ಒತ್ತಿ ಹಿಡಿಯುತ್ತದೆ. ವಾಷರಿನ ಅರ್ಧ ಇದರ ಮೇಲೆ, ಅರ್ಧ ಅದರ ಮೇಲೆ. ಫ್ಲಾಂಜುಗಳ ದಪ್ಪ ಸಮನಾಗಿದ್ದರೆ ಮಾತ್ರ ಒತ್ತಡ ಸಮನಾಗಿ ಬೀಳುತ್ತದೆ. ಒಂದು ತೆಳುವಾದರೆ ವಾಷರು ಓರೆಯಾಗಿ, ದಪ್ಪದ್ದನ್ನು ಬಿಗಿಯಾಗಿ ಹಿಡಿದು ತೆಳುವಿನದನ್ನು ಸಡಿಲ ಬಿಡುತ್ತದೆ. ನಾನು ಮನೆಯಿಂದ ವರ್ನಿಯರ್ ಕ್ಯಾಲಿಪರ್ ತಂದು ಅಳೆದೆ. ಉಜ್ಜಿಸಿಕೊಂಡ ಇನ್‌ಟೇಕ್ ಫ್ಲಾಂಜು ಪಕ್ಕದ ಎಗ್ಸಾಸ್ಟಿನದಕ್ಕಿಂತ 0.8 ಮಿ.ಮೀ. ಕಡಿಮೆಯಿತ್ತು. ನಿಷ್ಠೆಯಿಂದ ಎಷ್ಟು ಬಿಗಿಮಾಡಿದರೂ ಪ್ರಯೋಜನವಿಲ್ಲ; ಇನ್ನೂ ಬಿಗಿಮಾಡಿದರೆ ಸ್ಟಡ್ ಮುರಿಯುತ್ತದೆ ಅಷ್ಟೇ. ಲಕ್ಷ್ಯವಿಟ್ಟು ಪಿಸ್ಟನ್ ಬದಲಾಯಿಸಿದವರು ಈ ಕೊಳವೆಯನ್ನು ಹಾಗೆಯೇ ತೊಳೆದು ಹಿಂದಕ್ಕೆ ಕೂರಿಸಿದ್ದರು. ಚಲಿಸದ ಭಾಗ ಸವೆಯುವುದಿಲ್ಲ ಎಂಬ ನಂಬಿಕೆ ಬಹುಜನರದು.

ಅದು ಸವೆಯುವುದಿಲ್ಲ, ನಿಜ. ಆದರೆ ಬಾಗುತ್ತದೆ, ಬಿರಿಯುತ್ತದೆ. ನಮ್ಮ ಇನ್‌ಟೇಕ್ ಅಲ್ಯೂಮಿನಿಯಮಿನ ಎರಕ, ಎಗ್ಸಾಸ್ಟ್ ಬೀಡುಕಬ್ಬಿಣ. ಕಾದಾಗ ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮೂವತ್ತು ಸೆಂಟಿಮೀಟರ್ ಉದ್ದದ ತುಂಡು 80 ಡಿಗ್ರಿಯಷ್ಟು ಹೆಚ್ಚು ಕಾದರೆ ಅಲ್ಯೂಮಿನಿಯಂ ಸುಮಾರು 0.55 ಮಿ.ಮೀ. ಬೆಳೆಯುತ್ತದೆ, ಬೀಡು 0.26 ಮಿ.ಮೀ. ಪ್ರತಿ ಪ್ರಯಾಣದಲ್ಲಿ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಿ, ಐವತ್ತೇಳು ವರ್ಷ ಒಂದು ಇನ್ನೊಂದರ ಪಕ್ಕದಲ್ಲಿ ಗ್ಯಾಸ್ಕೆಟ್ಟನ್ನು ಉಜ್ಜುತ್ತಲೇ ಇರುತ್ತದೆ. ಹಾಗೆಂದು ಎರಡನ್ನೂ ದೂರ ಇಡುವಂತಿಲ್ಲ. ಪೆಟ್ರೋಲ್ ಆವಿಯಾಗಲು ಶಾಖ ಬೇಕು. ಎಗ್ಸಾಸ್ಟಿನ ಬಿಸಿ ಇನ್‌ಟೇಕಿನ ತಳಕ್ಕೆ ತಾಗಲೆಂದೇ ಎರಡನ್ನೂ ನಡುವೆ ಬೋಲ್ಟುಗಳಿಂದ ಕೂಡಿಸಿರುತ್ತಾರೆ. ಊಟಿಯ ಚಳಿಯ ಬೆಳಗಿನಲ್ಲಿ ಅಣ್ಣನ ಕಾರು ಕೆಮ್ಮದೆ ಏರುತ್ತಿದ್ದುದರಲ್ಲಿ ಈ ನೆರೆಹೊರೆಯ ಪಾತ್ರವೂ ಇತ್ತು.

ಹೊಸ ಮ್ಯಾನಿಫೋಲ್ಡ್ ಬೇಕಾಯಿತು. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರಿನ ತಯಾರಿಕೆ 2014ರ ಮೇ ತಿಂಗಳಿನಲ್ಲಿ ನಿಂತಿತು. 2017ರಲ್ಲಿ ಆ ಹೆಸರೇ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪ್ಯೂಜೋ ಕಂಪನಿಗೆ ಮಾರಾಟವಾಯಿತು. ಹೀಗಾಗಿ ಹುಡುಕಾಟ ಹಳೆಯ ದಾಸ್ತಾನಿನಲ್ಲೇ. (ಈ ಸಂದರ್ಭದಲ್ಲಿ ಒಂದು ಮಾತು: 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ವಾಲ್‌ಚಂದ್ ಹೀರಾಚಂದರೊಡನೆ ಮೈಸೂರು ಸಂಸ್ಥಾನದಲ್ಲೇ ಮೋಟಾರು ಕಾರ್ಖಾನೆ ಸ್ಥಾಪಿಸಲು ಬಹಳ ಪ್ರಯತ್ನಪಟ್ಟರು. ಬ್ರಿಟಿಷ್ ಸರಕಾರದ ಬೆಂಬಲ ದೊರೆಯದೆ ಅದು ಕೈಗೂಡಲಿಲ್ಲ. ಕೈಗೂಡಿದ್ದರೆ ನಮ್ಮ ಮೊಹಲ್ಲಾದಲ್ಲಿ ಬಿಡಿಭಾಗಗಳಿಗೆ ಇಷ್ಟು ಪರದಾಟ ಇರುತ್ತಿರಲಿಲ್ಲವೇನೋ.)

ಇಲ್ಲಿ ಕುಟುಂಬದೊಳಗೆ ಒಂದು ಚರ್ಚೆ ಎದ್ದಿತು. ವಿದೇಶದಲ್ಲಿರುವ ಮಗ ಅಲ್ಲಿಂದಲೇ ಶೋಧಿಸಿ, ಇದೇ 1489 ಸಿ.ಸಿ. ಎಂಜಿನ್ನನ್ನು ಇಂಗ್ಲೆಂಡಿನ ಎಂ.ಜಿ. ಮ್ಯಾಗ್ನೆಟ್ ಕಾರಿನಲ್ಲಿ ಎರಡು ಕಾರ್ಬ್ಯುರೇಟರುಗಳೊಂದಿಗೆ ಬಳಸಿದ್ದರು, ಅಂಥ ಮ್ಯಾನಿಫೋಲ್ಡನ್ನು ತರಿಸಿ ಹಾಕೋಣ, ಶಕ್ತಿಯೂ ಹೆಚ್ಚುತ್ತದೆ, ನೋಡಲೂ ಚೆನ್ನ ಎಂದ. ಅವನ ಮಾತು ತಾಂತ್ರಿಕವಾಗಿ ಸರಿಯೇ. ನಾನು ಒಪ್ಪಲಿಲ್ಲ. ಒಂದು ಕಾರಣ ಕಾನೂನಿನದು. ಐವತ್ತು ವರ್ಷ ಮೀರಿದ ಕಾರುಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸುವ ನಿಯಮವನ್ನು ಕೇಂದ್ರ ಸರಕಾರ 2021ರಲ್ಲಿ ಪ್ರಕಟಿಸಿದೆ. ವಾಹನವು ಮೂಲಸ್ವರೂಪದಲ್ಲಿರಬೇಕು, ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಇರಬಾರದು ಎಂಬುದು ಅದರ ಷರತ್ತು. ಹಳೆಯ ನೋಂದಣಿ ಸಂಖ್ಯೆಯನ್ನು ಉಳಿಸಿಕೊಳ್ಳಲು ಅದರಲ್ಲಿ ಅವಕಾಶವಿದೆ. ಮೈಸೂರು ರಾಜ್ಯದ ಕಾಲದ, ಎಂ.ವೈ. ಎಂದು ಆರಂಭವಾಗುವ ಆ ಫಲಕವನ್ನು ಕಳೆದುಕೊಳ್ಳಲು ಅತ್ತಿಗೆ ಸಿದ್ಧರಿರಲಿಲ್ಲ. ಇನ್ನೊಂದು ಕಾರಣವನ್ನು ಉಸ್ತಾದರು ಹೇಳಿದರು: "ಎರಡು ಕಾರ್ಬ್ಯುರೇಟರ್ ಇದ್ದರೆ ಎರಡನ್ನೂ ಸಮ ಮಾಡುತ್ತ ಇರಬೇಕು. ನಾನು ಹೋದ ಮೇಲೆ ಯಾರು ಮಾಡುತ್ತಾರೆ? ಈ ಹುಡುಗನಿಗೆ ಒಂದು ಸಾಕು." ದೂರದಲ್ಲಿರುವವರು ಕೊಡುವ ಭಾಗಕ್ಕಿಂತ ಹತ್ತಿರದಲ್ಲಿರುವವರು ಸರಿಪಡಿಸಬಲ್ಲ ಭಾಗವೇ ಹಳೆಯ ಯಂತ್ರಕ್ಕೆ ಒಳ್ಳೆಯದು ಎಂದು ನನಗೂ ಅನ್ನಿಸಿತು. ಮಗ ಸ್ವಲ್ಪ ಬೇಸರಪಟ್ಟು, ಆಮೇಲೆ ಒಪ್ಪಿದ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಬಳಸದೆ ಉಳಿದಿದ್ದ ಹಳೆಯ ದಾಸ್ತಾನಿನ ಒಂದು ಮ್ಯಾನಿಫೋಲ್ಡನ್ನು ಹುಡುಗ ಬಸ್ಸಿನಲ್ಲಿ ಹೋಗಿ ತಂದ. ಹೊಸದು ಬಂದ ಕೂಡಲೇ ಹಾಕಿಬಿಡುವುದಲ್ಲ ಎಂಬುದನ್ನು ನಾನು ಅಂದು ಅಲ್ಲಿ ಕುಳಿತು ನೋಡಿದೆ. ಮೊದಲು ಉಸ್ತಾದರು ಅದನ್ನು ಹಗ್ಗದಲ್ಲಿ ತೂಗಿಸಿ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಬಿರುಕಿದ್ದರೆ ಒಡೆದ ಮಡಕೆಯ ಸದ್ದು. ಇದು ಗಂಟೆಯಂತೆ ನುಡಿಯಿತು. ಬಳಿಕ ಒಳಗೆ ಬೆರಳಾಡಿಸಿದರು. ಎರಕದ ಮರಳಿನ ಕಣವೊಂದು ಒಳಗೆ ಉಳಿದಿದ್ದರೂ ಅದು ನೇರವಾಗಿ ಹೊಸ ಪಿಸ್ಟನ್ ಹಾಗೂ ಸಿಲಿಂಡರಿನ ನಡುವೆ ಸಿಕ್ಕಿ ಗೀರುತ್ತದೆ. ಸೀಮೆಎಣ್ಣೆಯಿಂದ ತೊಳೆದು, ಕುದಿನೀರಿನಿಂದ ಮತ್ತೆ ತೊಳೆದು, ಬ್ರಷ್ ಹಾಕಿ ತಿಕ್ಕಿ, ಗಾಳಿ ಹೊಡೆದು, ಬಿಳಿಯ ಬಟ್ಟೆ ಎಳೆದು ನೋಡಿದರು. ಬಟ್ಟೆ ಬೆಳ್ಳಗೆ ಬರುವವರೆಗೆ ನಾಲ್ಕು ಸಲ ಹೀಗಾಯಿತು.

ಮೂರನೆಯ ಕೆಲಸ ಮಟ್ಟ. ದಪ್ಪ ಗಾಜಿನ ಹಲಗೆಯ ಮೇಲೆ ಎಣ್ಣೆಯಲ್ಲಿ ಕಲಸಿದ ದೀಪದ ಕಪ್ಪನ್ನು ತೆಳುವಾಗಿ ಹಚ್ಚಿ, ಫ್ಲಾಂಜುಗಳನ್ನು ಅದರ ಮೇಲಿಟ್ಟು ಮೆಲ್ಲಗೆ ಸರಿಸಿದರು. ಎಲ್ಲಿ ಕಪ್ಪು ಹತ್ತುತ್ತದೆಯೋ ಅದು ಉಬ್ಬು, ಹತ್ತದ ಕಡೆ ತಗ್ಗು. ಇನ್‌ಟೇಕ್ ಮತ್ತು ಎಗ್ಸಾಸ್ಟ್‌ಗಳನ್ನು ನಡುವಿನ ಬೋಲ್ಟುಗಳಿಂದ ಸಡಿಲವಾಗಿ ಕೂಡಿಸಿ, ಎರಡರ ಮುಖಗಳನ್ನೂ ಗಾಜಿನ ಮೇಲೆ ಒಟ್ಟಿಗೆ ಕೂರಿಸಿ, ಅನಂತರವೇ ಆ ಬೋಲ್ಟುಗಳನ್ನು ಬಿಗಿದರು. ಮೊದಲೇ ಬಿಗಿದಿದ್ದರೆ ಒಂದರ ಓರೆ ಇನ್ನೊಂದಕ್ಕೆ ಅಂಟಿಕೊಳ್ಳುತ್ತಿತ್ತು. ಆಮೇಲೆ ಜೋಡಿಯಾಗಿಯೇ ಪಕ್ಕದ ಗಲ್ಲಿಯ ಯಂತ್ರಕ್ಕೆ ಒಯ್ದು ಎರಡರ ಮುಖವನ್ನೂ ಒಂದೇ ಮಟ್ಟಕ್ಕೆ ತೆಳುವಾಗಿ ಅರೆಸಿ ತಂದರು. ನನ್ನ ವರ್ನಿಯರ್‌ಗೆ ಈಗ ಫ್ಲಾಂಜುಗಳ ದಪ್ಪದಲ್ಲಿ ವ್ಯತ್ಯಾಸ ಸಿಗಲಿಲ್ಲ.

ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಎಂಜಿನ್ನಿನ ಮುಖದಿಂದ ಒಣಗಿದಂತೆಯೇ ಉಜ್ಜಲು ಹೊರಟ ಹುಡುಗನನ್ನು ಉಸ್ತಾದರು ತಡೆದು, ಒದ್ದೆ ಮಾಡಿ ತೆಗೆಯಲು ಹೇಳಿದರು. ಆ ಕಾಲದ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಚಿಂದಿಯನ್ನು ಬಾಯಿಗಳಿಗೆ ತುರುಕಿ, ಚೂರೊಂದೂ ಒಳಗೆ ಬೀಳದಂತೆ ಕೆಲಸ ನಡೆಯಿತು. ಎಳೆದು ಸೊರಗಿದ್ದ ಸ್ಟಡ್ಡುಗಳನ್ನು ಬದಲಾಯಿಸಿದರು. ತುಕ್ಕು ಹಿಡಿದು ಕಚ್ಚಿಕೊಳ್ಳದಂತೆ ಹಿತ್ತಾಳೆಯ ನಟ್ಟುಗಳನ್ನು ಹಾಕಿದರು. ಹೊಸ ಗ್ಯಾಸ್ಕೆಟ್ಟಿನ ರಂಧ್ರದ ಅಂಚು ಬಾಯಿಯೊಳಕ್ಕೆ ಚಾಚದಂತೆ ನೋಡಿಕೊಂಡರು. ಬಿಗಿಯುವುದು ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವಾಗಿ, ಮೂರು ಸುತ್ತಿನಲ್ಲಿ. ಎಂಜಿನ್ ಒಮ್ಮೆ ಪೂರ್ತಿ ಕಾದು ಪೂರ್ತಿ ತಣಿದ ಮೇಲೆ ಮತ್ತೊಂದು ಸಲ. ಉದ್ದ ಸ್ಪ್ಯಾನರ್ ಕೈಗೆತ್ತಿಕೊಂಡ ಹುಡುಗನಿಂದ ಅದನ್ನು ಕಿತ್ತುಕೊಂಡು ಗಿಡ್ಡದನ್ನು ಕೊಟ್ಟರು. ಗಿಡ್ಡ ಸ್ಪ್ಯಾನರಿನಲ್ಲಿ ಮಿತಿಮೀರಿ ಬಿಗಿಯಲು ಕೈಗೆ ಬಲ ಸಾಲದು. ಬಲದ ಮಹತ್ತ್ವವನ್ನು ಸನ್ನೆಯ ಉದ್ದದಿಂದ ಗುಣಿಸಿದ ಪಾಠವನ್ನು ಇಷ್ಟು ಚೊಕ್ಕವಾಗಿ ನಾನು ಮೂವತ್ತು ವರ್ಷಗಳಲ್ಲಿ ಬೇರೆಲ್ಲೂ ನೋಡಿಲ್ಲ.

ಎಂಜಿನ್ ಚಾಲೂ ಆದಾಗ ಉಸ್ತಾದರು ನಿರ್ವಾತಮಾಪಕವನ್ನು ಜೋಡಿಸಿದರು. ಮೊದಲು ಅದರ ಮುಳ್ಳು 11 ಅಂಗುಲದ ಆಸುಪಾಸಿನಲ್ಲಿ ಒದ್ದಾಡುತ್ತಿತ್ತು. ಈಗ ಹದಿನಾರೂವರೆಯಲ್ಲಿ ಅಲುಗದೆ ನಿಂತಿತು. ವಿಡಿಯೋ ಕರೆಯಲ್ಲಿ ನೋಡುತ್ತಿದ್ದ ಪುಣೆಯ ಮಗ ಕೂಡಲೇ, "ಪುಸ್ತಕದಲ್ಲಿ 17ರಿಂದ 21 ಅಂಗುಲ ಇರಬೇಕೆಂದಿದೆ, ಇನ್ನೂ ಸೋರಿಕೆ ಇದೆಯಲ್ಲ?" ಎಂದ. ಆ ಪ್ರಶ್ನೆಗೆ ಉತ್ತರಿಸುವ ಸಂತೋಷ ನನ್ನದಾಯಿತು. ಪುಸ್ತಕದ ಅಂಕಿ ಸಮುದ್ರಮಟ್ಟದ್ದು. ಸಾವಿರ ಅಡಿ ಏರಿದರೆ ವಾಯುಮಂಡಲದ ಒತ್ತಡ ಪಾದರಸದ ಸುಮಾರು ಒಂದು ಅಂಗುಲ ಕಡಿಮೆಯಾಗುತ್ತದೆ. ಮೈಸೂರು ಸುಮಾರು 2,500 ಅಡಿ ಎತ್ತರದಲ್ಲಿದೆ. ಎರಡೂವರೆ ಅಂಗುಲ ಕೂಡಿಸಿದರೆ ನಮ್ಮ ಹದಿನಾರೂವರೆ ಮದರಾಸಿನ ಹತ್ತೊಂಬತ್ತಾಗುತ್ತದೆ. ಟಾರಿಸೆಲ್ಲಿಯ ಪಾಠವನ್ನು ನನ್ನ ತರಗತಿಯಲ್ಲೇ ಕೇಳಿದ್ದ ಹುಡುಗ, "ಓ, ಹೌದಲ್ಲ" ಎಂದ. ಉಸ್ತಾದರಿಗೆ ಟಾರಿಸೆಲ್ಲಿ ಗೊತ್ತಿಲ್ಲ. ಆದರೆ "ಊಟಿಗೆ ಹೋದರೆ ಇನ್ನೂ ಕೆಳಗೆ ಬೀಳುತ್ತದೆ" ಎಂದು ಅವರೂ ಸೇರಿಸಿದರು. ಸ್ಟೀಲ್ ಲೋಟದಲ್ಲಿ ಚಹಾ ತಂದಿದ್ದ ಹುಡುಗ ಅದನ್ನು ಎಂಜಿನ್ನಿನ ಮುಚ್ಚಳದ ಮೇಲೆಯೇ ಇಟ್ಟ. ಚಹಾದ ಮೇಲ್ಮೈ ನಡುಗಿತೇ ಹೊರತು ಚೆಲ್ಲಲಿಲ್ಲ.

ಇನ್ನೊಂದು ಮಾತನ್ನು ಹಳೆಯ ಕಾರುಗಳಿರುವ ವಿದ್ಯಾರ್ಥಿಮಿತ್ರರಿಗೆ ಹೇಳಬೇಕು. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತಿರುತ್ತದೆ. ಎಥನಾಲಿನಲ್ಲೇ ಆಮ್ಲಜನಕವಿರುವುದರಿಂದ ಹಳೆಯ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ; ಸೋರುವ ಮ್ಯಾನಿಫೋಲ್ಡ್ ಇದ್ದರಂತೂ ಬಿಸಿ ಹೆಚ್ಚಿ ಎಗ್ಸಾಸ್ಟ್ ವಾಲ್ವುಗಳು ಸುಡಬಹುದು. ಹಳೆಯ ರಬ್ಬರ್ ಕೊಳವೆಗಳನ್ನೂ ಅದು ಹಾಳುಮಾಡುತ್ತದೆ. ಆದುದರಿಂದ ಉಸ್ತಾದರು ಪೆಟ್ರೋಲಿನ ಕೊಳವೆಗಳನ್ನೆಲ್ಲ ಬದಲಾಯಿಸಿ, ಮಿಶ್ರಣವನ್ನು ತುಸು ಗಟ್ಟಿ ಮಾಡಿದರು. ಎಂಜಿನ್ ಪುನರ್ನಿರ್ಮಾಣಕ್ಕೆ ಹಣ ತೆಗೆದಿಡುವವರು ಈ ಕೊಳವೆ ಮತ್ತು ಅದರ ಮುಖದ ಮಟ್ಟಕ್ಕೂ ಒಂದು ಪಾಲು ಇಡಿ. ನಮಗೆ ತಗುಲಿದ ವೆಚ್ಚ ಪಿಸ್ಟನ್ನಿನ ಕೆಲಸದ ಹತ್ತನೆಯ ಒಂದಂಶವೂ ಆಗಿರಲಿಲ್ಲ. ಅದಿಲ್ಲದೆ ಉಳಿದ ಒಂಬತ್ತು ಅಂಶಗಳು ವ್ಯರ್ಥವಾಗುತ್ತಿದ್ದವು.

ಆಯುಧಪೂಜೆಯ ದಿನ ಕಾರು ಚಕ್ರದಡಿಯ ನಿಂಬೆಹಣ್ಣುಗಳನ್ನು ತಾನೇ ಒಡೆದುಕೊಂಡು ಕೊಟ್ಟಿಗೆಯಿಂದ ಹೊರಬಂತು. ಮರುವಾರ ಅತ್ತಿಗೆಯನ್ನು ಮುಂದಿನ ಆಸನದಲ್ಲಿ ಕೂರಿಸಿಕೊಂಡು ನಂಜನಗೂಡಿಗೆ ಹೋಗಿ ಶ್ರೀಕಂಠೇಶ್ವರನ ದರ್ಶನ ಮಾಡಿ ಬಂದೆವು. ಹಾದಿಯಲ್ಲಿ ಅವರು ಹೆಚ್ಚು ಮಾತನಾಡಲಿಲ್ಲ. ರೈಲ್ವೆ ಗೇಟು ಮುಚ್ಚಿ ಕಾರು ನಿಂತಾಗ ಎಂಜಿನ್ ಒಂದೇ ಸಮ ಗುನುಗುತ್ತಿತ್ತು. ಅವರು ಸ್ವಲ್ಪ ಹೊತ್ತು ಕೇಳಿ, "ನಿಮ್ಮ ಅಣ್ಣ ಇಲ್ಲಿ ಎಂಜಿನ್ ಆಫ್ ಮಾಡುತ್ತಿದ್ದರು. ಪೆಟ್ರೋಲ್ ಉಳಿಯುತ್ತದೆ ಅಂತ" ಎಂದರು. ನಾನು ಆಫ್ ಮಾಡಿದೆ. ಗೇಟು ತೆರೆದಾಗ ಮೊದಲ ತಿರುವಿಗೇ ಹೊತ್ತಿಕೊಂಡಿತು.

ಮಕ್ಕಳು ಈಗ ಮಾರುವ ಮಾತೆತ್ತುತ್ತಿಲ್ಲ. ಕೋಣೆಯನ್ನು ಕೊಟ್ಟಿಗೆಯ ಮೇಲೆ ಮಹಡಿಯಾಗಿ ಕಟ್ಟಬಹುದೇ ಎಂದು ಎಂಜಿನಿಯರನ್ನು ಕೇಳಿದ್ದಾರೆ. ಅತ್ತಿಗೆಯ ನಂತರ ಕಾರು ಯಾರದೆಂಬುದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಪ್ರತಿ ಭಾನುವಾರ ಬೆಳಿಗ್ಗೆ ಉಸ್ತಾದರ ಹುಡುಗ ಬಂದು ಅದನ್ನು ಬಿಸಿ ಮಾಡಿ, ಅಶೋಕ ರಸ್ತೆಯಲ್ಲಿ ಒಂದು ಸುತ್ತು ಹಾಕಿ ತರುತ್ತಾನೆ. ಐನೂರು ಕಿಲೋಮೀಟರ್ ಓಡಿದ ಮೇಲೆ ಅವನು ಪ್ಲಗ್ಗುಗಳನ್ನು ಬಿಚ್ಚಿ, ತನ್ನ ಗುರುವಿನಂತೆಯೇ ಕಾಗದದ ಮೇಲೆ ಸಾಲಾಗಿ ಇಟ್ಟು ನನ್ನನ್ನು ಕರೆದ. ನಾಲ್ಕೂ ತಿಳಿಕಂದು. ಒಂದನೆಯದು ಉಳಿದವಕ್ಕಿಂತ ಒಂದು ಕೂದಲೆಳೆ ಬೆಳ್ಳಗಿದೆ ಎಂದು ಅವನ ಅಭಿಪ್ರಾಯ. ನನ್ನ ಕಣ್ಣಿಗೆ ಅದು ಕಾಣಲಿಲ್ಲ. ಮುಂದಿನ ಭಾನುವಾರ ನಟ್ಟುಗಳನ್ನು ಮತ್ತೊಮ್ಮೆ ನೋಡುತ್ತಾನಂತೆ, ಗಿಡ್ಡ ಸ್ಪ್ಯಾನರಿನಿಂದ.